ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ: ನಡುವಿನ ದಿನಗಳನ್ನು ಕಳೆಯುವುದು ಹೇಗೆ?

ಪ್ರಶ್ನೆ: ಅಮ್ಮನ ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ. ಇನ್ನು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ದಿನ ಹತ್ತಿರ ಬಂದಂತೆ ಅವರಿಗೆ ನಿದ್ದೆಯಿಲ್ಲ, ಸುಸ್ತೂ ಇಳಿದಿಲ್ಲ. ತಿಳಿದವರು ಹೇಳಿ.

ಉತ್ತರ 1: ಸ್ಕ್ಯಾನ್‌ಗಿಂತ ಫಲಿತಾಂಶಕ್ಕೆ ಕಾಯುವುದೇ ಹೆಚ್ಚು ಹಿಂಸೆ. ಹಾಗಾಗಿ ಸ್ಕ್ಯಾನ್‌ಗೆ ದಿನ ಗೊತ್ತುಮಾಡುವಾಗಲೇ ವೈದ್ಯರ ಭೇಟಿಯನ್ನೂ ಗೊತ್ತುಮಾಡಿಕೊಳ್ಳಿ. ರಿಪೋರ್ಟ್ ಎಷ್ಟು ದಿನಕ್ಕೆ ಬರುತ್ತದೆ, ಯಾರು ತಿಳಿಸುತ್ತಾರೆ, ತಡವಾದರೆ ಯಾರನ್ನು ಕೇಳಬೇಕು ಎಂದು ಬರೆದಿಟ್ಟುಕೊಳ್ಳಿ. ಇದು ಗೊತ್ತಿಲ್ಲದಿದ್ದರೆ ಒಂದು ದಿನ ತಡವಾದರೂ ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತದೆ. ಬೇರೆ ಕಡೆ ಸ್ಕ್ಯಾನ್ ಮಾಡಿಸುವುದಾದರೆ ಹಳೆಯ ರಿಪೋರ್ಟ್ ಒಂದೇ ಸಾಲದು, ಚಿತ್ರಗಳಿರುವ ಸಿ.ಡಿ.ಯನ್ನೂ ಕೊಡಿ. ಅದಿಲ್ಲದೆ ಗಂಟು ಹಳೆಯದೋ ಹೊಸದೋ, ಬೆಳೆದಿದೆಯೋ ಎಂದು ಹೋಲಿಸಿ ಹೇಳುವುದು ಕಷ್ಟ.

ರಿಪೋರ್ಟ್ ಮೊದಲೇ ಮೊಬೈಲಿಗೆ ಬಂದರೆ ತೆರೆಯಬೇಕೋ ಬೇಡವೋ ಎಂಬುದನ್ನು ಅಮ್ಮನೇ ಮುಂಚಿತವಾಗಿ ತೀರ್ಮಾನಿಸಲಿ. ತೆರೆದರೂ ರಾತ್ರಿ ಬೇಡ, ವಿಚಾರಿಸಲು ಯಾರೂ ಸಿಗುವುದಿಲ್ಲ. ‘ಇಂಡಿಟರ್ಮಿನೇಟ್’ ಎಂದಿದ್ದರೆ ಈ ಸ್ಕ್ಯಾನ್‌ನಲ್ಲಿ ಖಚಿತವಾಗಿ ಹೇಳಲಾಗದು ಎಂದಷ್ಟೇ ಅರ್ಥ, ಕಾಯಿಲೆ ಮರಳಿದೆ ಎಂದಲ್ಲ.

ಉತ್ತರ 2: ‘ಯೋಚನೆ ಮಾಡಬೇಡಿ’ ಎಂದು ದಯವಿಟ್ಟು ಹೇಳಬೇಡಿ. ಅದುಮಿದಷ್ಟೂ ಅದು ಹೆಚ್ಚುತ್ತದೆ. ಸಂಜೆ 15–20 ನಿಮಿಷವನ್ನು ಚಿಂತೆಗೆಂದೇ ಮೀಸಲಿಡಿ, ಮಲಗುವ ಹೊತ್ತಿಗೆ ಹತ್ತಿರ ಬೇಡ. ಹಗಲಲ್ಲಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದು ಸಂಜೆಗೆ ಬಿಡುವುದು. ಸಂಜೆ ಅದನ್ನು ಓದಿ, ವೈದ್ಯರನ್ನು ಕೇಳಬಹುದಾದದ್ದನ್ನು ಪ್ರಶ್ನೆಗಳ ಪಟ್ಟಿಗೆ ಸೇರಿಸುವುದು. ಉತ್ತರವೇ ಇಲ್ಲದ್ದನ್ನು ನಿಮ್ಮ ಹತ್ತಿರ ಬಾಯಿಬಿಟ್ಟು ಹೇಳಿಕೊಳ್ಳಲಿ. ನೀವು ಸಮಾಧಾನ ಹೇಳಹೋಗದೆ ಕೇಳಿಸಿಕೊಳ್ಳಿ. ಮೊದಲ ಕೆಲವು ದಿನ ಇದು ಕೆಲಸ ಮಾಡಿದಂತೆ ಕಾಣುವುದಿಲ್ಲ, ಎರಡು ವಾರವಾದರೂ ಬಿಡದೆ ಮಾಡಿ.

ಉತ್ತರ 3: ಸುಸ್ತಿನ ಬಗ್ಗೆ. ಎಲ್ಲರೂ ಎಡವುವುದು ಚೆನ್ನಾಗಿರುವ ದಿನದಲ್ಲೇ: ಬಾಕಿ ಕೆಲಸವೆಲ್ಲ ಅಂದೇ ಮುಗಿಸಿ, ಮುಂದಿನ ಎರಡು ದಿನ ಹಾಸಿಗೆ. ಯಾವ ದಿನ ಎಷ್ಟು ನಡೆದರು, ಎಷ್ಟು ಸುಸ್ತಾಯಿತು ಎಂದು ಒಂದು ವಾರ ಬರೆದಿಟ್ಟು ನೋಡಿ. ಕೆಟ್ಟ ದಿನದಲ್ಲೂ ಆಗುವಷ್ಟು ನಡಿಗೆ, ಹತ್ತು ನಿಮಿಷವೆಂದುಕೊಳ್ಳಿ, ಅದೇ ಪ್ರತಿದಿನದ ಅಳತೆ. ವಾರವಿಡೀ ತಡೆದುಕೊಂಡರೆ ಒಂದೆರಡು ನಿಮಿಷ ಹೆಚ್ಚಿಸಿ. ಆಯಾಸವಾಗುವ ಮುಂಚೆಯೇ ಕೂರಬೇಕು. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಆಗಿದೆಯೇ ಕೇಳಿ, ಅವು ಕಾರಣವಾಗಿದ್ದರೆ ಔಷಧಿಯಿದೆ.

ಉತ್ತರ 4: ಮದುವೆ, ಪ್ರಯಾಣ ಏನೇ ಇರಲಿ, ಸ್ಕ್ಯಾನ್ ಆಗಲೆಂದು ಮುಂದೂಡಬೇಡಿ. ರದ್ದು ಮಾಡಬಹುದಾದ ಟಿಕೆಟ್ ತೆಗೆದುಕೊಂಡು ಹೊರಡಿ. ಇನ್ನೊಂದು: ಯಾವ ಲಕ್ಷಣ ಕಂಡರೆ ಮುಂದಿನ ಸ್ಕ್ಯಾನ್‌ವರೆಗೆ ಕಾಯದೆ ಕರೆ ಮಾಡಬೇಕು ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಆ ಚೀಟಿ ಕೈಯಲ್ಲಿದ್ದರೆ ಪ್ರತಿ ಕೆಮ್ಮಿಗೂ, ಬೆನ್ನುನೋವಿಗೂ ಹೆದರಬೇಕಾಗುವುದಿಲ್ಲ.