ಅಮೆರಿಕದ ಮೆಡಿಕಲ್ ಜೆನೆಟಿಕ್ಸ್ ಬೋರ್ಡ್ ಪರೀಕ್ಷೆಗೆ ಅರ್ಹತೆ ಏನು?

ಪ್ರಶ್ನೆ:
ಮಾನ್ಯರೇ, ನಾನು ಬೆಂಗಳೂರಿನಲ್ಲಿ ಮಕ್ಕಳ ವೈದ್ಯಶಾಸ್ತ್ರದ ಎಂ.ಡಿ. ಮುಗಿಸಿದ್ದೇನೆ, ನನ್ನ ತಂಗಿ ಆಣ್ವಿಕ ಜೀವಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದಿದ್ದಾಳೆ. ಆನುವಂಶಿಕ ಕಾಯಿಲೆಗಳ ತಜ್ಞರಿಗೆ ಪ್ರಮಾಣಪತ್ರ ನೀಡುವ ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಜೆನೆಟಿಕ್ಸ್ ಅಂಡ್ ಜೀನೋಮಿಕ್ಸ್ ನಡೆಸುವ ಪರೀಕ್ಷೆಗೆ ಈ ಪದವಿಗಳ ಆಧಾರದ ಮೇಲೆ ನಾವಿಬ್ಬರೂ ನೇರವಾಗಿ ಅರ್ಜಿ ಸಲ್ಲಿಸಬಹುದೇ?

ಉತ್ತರ 1:
ನೇರವಾಗಿ ಸಾಧ್ಯವಿಲ್ಲ, ಏಕೆಂದರೆ ಪದವಿಯ ಜೊತೆಗೆ ಮಾನ್ಯತೆ ಪಡೆದ ತರಬೇತಿಯೂ ಕಡ್ಡಾಯ. ರೋಗಿಗಳನ್ನು ನೋಡುವ ಕ್ಲಿನಿಕಲ್ ಜೆನೆಟಿಕ್ಸ್ ವಿಭಾಗಕ್ಕೆ, ಎಸಿಜಿಎಂಇ (ಅಮೆರಿಕದ ವೈದ್ಯಕೀಯ ತರಬೇತಿಗೆ ಮಾನ್ಯತೆ ನೀಡುವ ಸಂಸ್ಥೆ) ಮಾನ್ಯತೆಯ ರೆಸಿಡೆನ್ಸಿಯಲ್ಲಿ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಯಲ್ಲಿ, ರೋಗಿಗಳ ನೇರ ಆರೈಕೆಯನ್ನು ಒಳಗೊಂಡ ಕನಿಷ್ಠ 12 ತಿಂಗಳು, ಅದರ ನಂತರ 24 ತಿಂಗಳ ಜೆನೆಟಿಕ್ಸ್ ರೆಸಿಡೆನ್ಸಿ ಪೂರೈಸಿರಬೇಕು. ಭಾರತದಲ್ಲಿ ಓದಿದವರು ಆ ರೆಸಿಡೆನ್ಸಿಗೆ ಸೇರುವುದಕ್ಕೇ ಮೊದಲು ಯುಎಸ್‌ಎಂಎಲ್‌ಇ (ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆ) ಬರೆದು, ವಿದೇಶದಲ್ಲಿ ಓದಿದ ವೈದ್ಯರ ಅರ್ಹತೆಯನ್ನು ದೃಢೀಕರಿಸುವ ಇಸಿಎಫ್‌ಎಂಜಿ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಇಷ್ಟು ದೀರ್ಘವಾದ ಹಾದಿಯೆಂದು ತಿಳಿದುಕೊಂಡೇ ನಿರ್ಧರಿಸಿ ಎಂಬುದು ನನ್ನ ಕಳಕಳಿಯ ವಿನಂತಿ.

ಉತ್ತರ 2:
ತಮ್ಮ ತಂಗಿಯವರಿಗೆ, ಪ್ರಯೋಗಾಲಯದಲ್ಲಿ ಜೆನೆಟಿಕ್ ಪರೀಕ್ಷೆಗಳನ್ನು ನಡೆಸುವ ಲ್ಯಾಬೊರೇಟರಿ ಜೆನೆಟಿಕ್ಸ್ ವಿಭಾಗ ತೆರೆದಿದೆ. ಅದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ. ಸೂಕ್ತ ವಿಷಯದ ಪಿಎಚ್.ಡಿ. ಇದ್ದು, ಮಾನ್ಯತೆ ಪಡೆದ ಎರಡು ವರ್ಷಗಳ ಫೆಲೋಶಿಪ್ (ವಿಶೇಷ ತರಬೇತಿ) ಮುಗಿಸಿರಬೇಕು. ವಿದೇಶದ ಪಿಎಚ್.ಡಿ. ಆದ್ದರಿಂದ ಅದು ಅಮೆರಿಕದ ಪಿಎಚ್.ಡಿ.ಗೆ ಸಮಾನವೇ ಎಂಬ ಮೌಲ್ಯಮಾಪನವನ್ನು ಫೆಲೋಶಿಪ್‌ಗೆ ಸೇರುವ ಮುನ್ನವೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಭಾರತದಲ್ಲಿಯೇ ಜೆನೆಟಿಕ್ಸ್‌ನಲ್ಲಿ ಡಿ.ಎಂ. (ಎಂ.ಡಿ. ನಂತರದ ಉನ್ನತ ಪದವಿ) ಮಾಡಿದರೆ ಆ ಅವಧಿಯನ್ನು ಪರಿಗಣಿಸುತ್ತಾರೆಯೇ?

ಉತ್ತರ 1:
ಡಿ.ಎಂ. ಮೆಡಿಕಲ್ ಜೆನೆಟಿಕ್ಸ್ ಮೂರು ವರ್ಷಗಳ ಗಟ್ಟಿಯಾದ ತರಬೇತಿಯೇ ಆದರೂ ಅಮೆರಿಕದ ರೆಸಿಡೆನ್ಸಿಗೆ ಅದು ಬದಲಿಯಾಗುವುದಿಲ್ಲ. ಭಾರತದಲ್ಲಿಯೇ ಸೇವೆ ಸಲ್ಲಿಸುವ ಉದ್ದೇಶ ತಮಗಿದ್ದರೆ ಮಾತ್ರ ನೀಟ್ ಎಸ್‌ಎಸ್ (ಡಿ.ಎಂ. ಪ್ರವೇಶ ಪರೀಕ್ಷೆ) ಬರೆದು ಅದನ್ನೇ ಆರಿಸಿಕೊಳ್ಳಿ.