‘ಯೂಸರ್’, ‘ರೋಲ್’: ಡೇಟಾಬೇಸ್ ಪಾಠಕ್ಕೆ ಒಗ್ಗುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಡಾಕರ್ ಕಂಟೇನರಿನಲ್ಲಿ (ಪ್ರೋಗ್ರಾಮನ್ನು ಅದರ ಸರಂಜಾಮಿನ ಸಮೇತ ಪ್ರತ್ಯೇಕವಾಗಿ ಓಡಿಸುವ ವ್ಯವಸ್ಥೆ) ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೊಸ ಯೂಸರ್‌ಗಳನ್ನು ಸೇರಿಸುವುದು ಹೇಗೆ ಎಂದು ಕಾಲೇಜು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳು ಮಾತ್ರ ಸರಿಯಾಗಿ ಕೂರುತ್ತಿಲ್ಲ.

‘ಯೂಸರ್’ಗೆ ‘ಬಳಕೆದಾರ’ ಎಲ್ಲರಿಗೂ ಗೊತ್ತು. ಕನ್ನಡ ವಿಕಿಪೀಡಿಯದಲ್ಲಿ ‘ಸದಸ್ಯ’ ಎಂದಿದೆ. ಎರಡೂ ಮನುಷ್ಯರಿಗೆ ಒಪ್ಪುವ ಪದಗಳು. ಡೇಟಾಬೇಸಿಗೆ ಲಾಗಿನ್ ಆಗುವುದು ಬಹುಪಾಲು ಇನ್ನೊಂದು ಕಂಟೇನರಿನಲ್ಲಿರುವ ವೆಬ್ ಆ್ಯಪ್, ಇಲ್ಲವೇ ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್. ‘ಬ್ಯಾಕಪ್ ಎಂಬ ಬಳಕೆದಾರರು ಲಾಗಿನ್ ಆದರು’ ಎಂದು ಬರೆಯಲು ಕೈ ಬರುವುದಿಲ್ಲ; ‘ಆದನು’ ಎಂದರೂ ಅಷ್ಟೆ. ಅದಕ್ಕೇ ‘ಖಾತೆ’ಯತ್ತ ನನ್ನ ಒಲವು. ‘ಬ್ಯಾಕಪ್ ಖಾತೆಗೆ ಓದುವ ಹಕ್ಕು ಮಾತ್ರ ಕೊಡಿ’: ಇದರಲ್ಲಿ ಲಿಂಗದ ತೊಡಕಿಲ್ಲ, ಗೌರವದ ಬಹುವಚನವೂ ಬೇಕಿಲ್ಲ. ಬ್ಯಾಂಕಿನ ಖಾತೆ, ಮನೆಯ ಖಾತೆ, ಮಂತ್ರಿಗಳ ಖಾತೆ ಎಲ್ಲ ಇದ್ದರೂ ಸಂದರ್ಭದಿಂದ ಅರ್ಥ ತಿಳಿಯುತ್ತದೆ.

‘ರೋಲ್’ (ಡೇಟಾಬೇಸಿನಲ್ಲಿ ಹಕ್ಕುಗಳನ್ನು ಹೊರುವ ಹೆಸರು) ನಿಜವಾದ ಕಷ್ಟ. ಪೋಸ್ಟ್‌ಗ್ರೆಸ್‌ನ 8.1ನೇ ಆವೃತ್ತಿಯಲ್ಲಿ (2005) ಯೂಸರ್, ಗ್ರೂಪ್ ಎರಡೂ ಸೇರಿ ರೋಲ್ ಆದವು. ‘ಕ್ರಿಯೇಟ್ ಯೂಸರ್’ ಎಂಬ ಆಜ್ಞೆ ಕೊಟ್ಟರೂ ಒಳಗೆ ಹುಟ್ಟುವುದು ರೋಲೇ, ಲಾಗಿನ್ ಹಕ್ಕಿನ ಸಮೇತ. ‘ಕ್ರಿಯೇಟ್ ರೋಲ್’ ಎಂದರೆ ಆ ಹಕ್ಕನ್ನು ನಾವೇ ಸೇರಿಸಬೇಕು. ಬಿಟ್ಟರೆ ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಹುಡುಗರು ಎಡವುವುದು ಇಲ್ಲೇ. ಹಾಗಾಗಿ ಪದಗಳಲ್ಲೇ ಈ ವ್ಯತ್ಯಾಸ ಕಾಣಬೇಕೆಂಬುದು ನನ್ನ ಆಸೆ.

‘ಪಾತ್ರ’ ಎನ್ನೋಣವೆಂದರೆ, ಕಂಟೇನರನ್ನೂ ಕನ್ನಡಿಸಿದಾಗ ‘ಪಾತ್ರೆಯೊಳಗೆ ಪಾತ್ರ ಸೇರಿಸಿ’ ಎಂದಾಗುತ್ತದೆ. ಬಂದರಿನಲ್ಲೂ ಹೆದ್ದಾರಿಯಲ್ಲೂ ಕಂಟೇನರ್ ಕಂಟೇನರೇ, ಅದನ್ನು ಹಾಗೇ ಬಿಡುವುದು ಲೇಸು. ಉಳಿದಂತೆ ಲಾಗಿನ್ ಆಗಬಲ್ಲದ್ದು ‘ಖಾತೆ’, ಹಕ್ಕುಗಳನ್ನು ಒಟ್ಟುಗೂಡಿಸಲಿಕ್ಕಷ್ಟೇ ಇರುವುದು ‘ಪಾತ್ರ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಬರೆದದ್ದು ಹೀಗೆ ಓದಿಸಿಕೊಳ್ಳುತ್ತದೆ:

‘ಆರಂಭದ ಸ್ಕ್ರಿಪ್ಟುಗಳು ಓಡುವುದು ಡೇಟಾ ಡೈರೆಕ್ಟರಿ ಖಾಲಿಯಿದ್ದಾಗ ಮಾತ್ರ. ಡೇಟಾಬೇಸ್ ಒಮ್ಮೆ ಸಿದ್ಧವಾದ ಮೇಲೆ ಆ ಸ್ಕ್ರಿಪ್ಟಿನಲ್ಲಿ ಹೊಸ ಖಾತೆ ಬರೆದು ಕಂಟೇನರನ್ನು ಮತ್ತೆ ಶುರುಮಾಡಿದರೆ ಏನೂ ಆಗದು. ಓಡುತ್ತಿರುವ ಕಂಟೇನರಿನ ಒಳಹೊಕ್ಕು, ಖಾತೆ ತೆರೆದು, ಅದನ್ನು ‘ಓದುಗ’ ಪಾತ್ರಕ್ಕೆ ಸೇರಿಸಿ.’

ಖಾತೆಯನ್ನು ಪಾತ್ರಕ್ಕೆ ‘ಸೇರಿಸುವುದು’ ಸರಿಯೇ, ಖಾತೆಗೆ ಪಾತ್ರ ‘ಕೊಡುವುದು’ ಸರಿಯೇ? ‘ಗ್ರಾಂಟ್’ ಆಜ್ಞೆಗೆ ಎರಡನೆಯದೇ ಹತ್ತಿರ. ಕೊಟ್ಟದ್ದನ್ನು ತೆಗೆಯುವ ‘ರಿವೋಕ್’ಗೆ ‘ಹಿಂಪಡೆ’ ಸಾಕೇ, ಅಥವಾ ನಿಮ್ಮ ಕಡೆ ಬೇರೆ ಮಾತಿದೆಯೇ?