ಇಂಡಿ ಕಡೆ ಎರೆ ಹೊಲ: ಲಿಂಬೆ ಹಚ್ಚೋ ಮೊದಲು ಮಣ್ಣು ನೋಡೋದು ಹೆಂಗ?

ಪ್ರಶ್ನೆ: ಎರಡು ಎಕರೆ ಎರೆ ಭೂಮಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಪಕ್ಕದ ಹೊಲದ ಲಿಂಬೆಯ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಮಣ್ಣಿನ ಮಾದರಿ ಹೆಂಗ ತೆಗೀಬೇಕ್ರಿ?

ಉತ್ತರ 1: ಹಣ್ಣಿನ ಗಿಡಕ್ಕೆ ಮೇಲ್ಮಣ್ಣೊಂದೇ ಸಾಲದ್ರಿ. ಐದಾರು ಕಡೆ ಮೂರಡಿ ಗುಂಡಿ ತೋಡಿ, ಒಂದೊಂದು ಅಡಿ ಆಳದ ಮಣ್ಣನ್ನು ಬೇರೆ ಬೇರೆ ಇಡಿ. ಒಂದೇ ಆಳದ್ದನ್ನು ಕಲಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ. ಬದು, ತಿಪ್ಪೆ ಜಾಗ ಬೇಡ. ಯೂರಿಯಾ ಚೀಲದಲ್ಲಂತೂ ತುಂಬಲೇಬೇಡಿ, ವರದಿ ಪೂರಾ ಕೆಡತದ.

ಉತ್ತರ 2: ಆ ಹಳದಿ ಕಬ್ಬಿಣದ ಕೊರತೆಯ ಗುರುತು. ಕೆಳಗಿನ ಮಣ್ಣಿನ ಮೇಲೆ ವಿನೆಗರ್ ಹನಿಸಿ ನೋಡಿ. ಬುರುಬುರು ನೊರೆ ಎದ್ದರೆ ಸುಣ್ಣದ ಅಂಶ ಹೆಚ್ಚಿದೆ. ಅಂಥಲ್ಲಿ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಮಣ್ಣಿಗೆ ಹಾಕಿದರೆ ಅಲ್ಲೇ ಕಟ್ಟಿಹೋಗಿ ಬೇರಿಗೆ ಸಿಗಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಹೊಡೀರಿ. ದ್ರಾವಣ ಕಂದಾದರೆ ಚೆಲ್ಲಿಬಿಡಿ.

ಉತ್ತರ 3: ಲಿಂಬೆ ಬೇರಿಗೆ ನಿಂತ ನೀರು ಆಗಿಬರಲ್ಲ. ತೋಡಿದ ಗುಂಡಿಗೇ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ. ಮರುದಿನವೂ ನೀರು ನಿಂತಿದ್ದರೆ ಸಪಾಟು ನೆಲದಲ್ಲಿ ನೆಡಬೇಡಿ; ಒಂದೂವರೆ ಅಡಿ ಏರುಮಡಿ, ಪಕ್ಕದಲ್ಲಿ ಬಸಿಗಾಲುವೆ ಬೇಕು. ಈ ಪರೀಕ್ಷೆ ಮಳೆ ಬಿದ್ದು ಬಿರುಕು ಮುಚ್ಚಿದ ಮೇಲೆ ಮಾಡಿ. ಬೇಸಿಗೆಯಲ್ಲಿ ನೀರು ಬಿರುಕಿನಲ್ಲೇ ಇಳಿದು, ಹೊಲ ಚಲೋ ಬಸಿಯುತ್ತೆ ಅಂತ ಅನ್ನಿಸಿಬಿಡುತ್ತೆ. ಸೋಡಿಯಂ ಹೆಚ್ಚಾದ ಮಣ್ಣಿನ ಸುಧಾರಣೆಗೆ ಹಾಕೋ ಜಿಪ್ಸಮ್ ಬೇಕೋ ಬೇಡವೋ ಅನ್ನೋದು ವರದಿಯಲ್ಲಿ ಸೋಡಿಯಂ ನೋಡಿದ ಮೇಲಿನ ಮಾತು.